ಒಂದೋ, ನಾಲ್ಕೋ, ಎಂಟೋ?

ಗಣಕಯಂತ್ರದೊಳಗೆ ಸಂಸ್ಕಾರಕಗಳೆಷ್ಟು? ಒಂದೇ ಚಿಪ್, ಅದರಲ್ಲಿ ನಾಲ್ಕು ಕೋರ್, ಕೋರಿಗೆರಡು ಥ್ರೆಡ್ ಇರುವ ಯಂತ್ರವನ್ನು ಕುರಿತು ಲಿನಕ್ಸಿನ ವರದಿ ‘ಸಿಪಿಯು 8’ ಎನ್ನುತ್ತದೆ. ವಿಂಡೋಸು ‘ಕೋರ್ 4, ಲಾಜಿಕಲ್ ಪ್ರೊಸೆಸರ್ 8’ ಎನ್ನುತ್ತದೆ. ಅಂಗಡಿಯ ರಸೀದಿಯಲ್ಲಿ ಪ್ರೊಸೆಸರ್ ಒಂದೇ. ಯಾವುದೂ ಸುಳ್ಳಲ್ಲ. 2002ರಲ್ಲಿ ಇಂಟೆಲ್ ಸಂಸ್ಥೆಯು ಹೈಪರ್-ಥ್ರೆಡಿಂಗ್ ತಂದಂದಿನಿಂದ ಅದರ ಒಂದು ಕೋರ್ ಕಾರ್ಯವ್ಯವಸ್ಥೆಯ ಕಣ್ಣಿಗೆ ಎರಡಾಗಿ ತೋರಬಲ್ಲುದು: ಒಂದು ಕೆಲಸ ಸ್ಮೃತಿಯ ಉತ್ತರಕ್ಕೆ ಕಾದಿರುವಾಗ ಇನ್ನೊಂದು ಸಾಗುತ್ತದೆ. ಆದರೆ ಇಳಕಲ್ಲಿನ ಮಗ್ಗದಲ್ಲಿ ಎರಡು ಲಾಳಿ ಆಡಿದರೆ ಮಗ್ಗ ಎರಡಾದೀತೆ? ಎಂಟನ್ನು ನಂಬಿ ಎಂಟು ಪಟ್ಟು ವೇಗವನ್ನು ನಿರೀಕ್ಷಿಸುವ ವಿದ್ಯಾರ್ಥಿ ಮೋಸಹೋಗುತ್ತಾನೆ.

ಕನ್ನಡದ ತೆರೆಯಲ್ಲಾದರೂ ಚಿಪ್‌ಗೆ ಸಂಸ್ಕಾರಕ, ಕೋರಿಗೆ ತಿರುಳು, ಥ್ರೆಡ್ಡಿಗೆ ಎಳೆ ಎಂಬ ಮೂರೇ ಪದಗಳು ಎಲ್ಲೆಡೆಯೂ ನಿಲ್ಲಲಿ. ‘ಸಿಪಿಯು’ ಎಂಬುದನ್ನು ಎಣಿಕೆಯಿಂದ ಕೈಬಿಡುವುದೇ ಲೇಸು. ನಮ್ಮ ಕಡೆ ಇಡೀ ಪೆಟ್ಟಿಗೆಗೇ ಅದು ಹೆಸರಾಗಿಬಿಟ್ಟಿದೆ.