ಅಜ್ಜಿಯ ತಂಬುಳಿ

ಮಲೆನಾಡಿನಲ್ಲಿ ಬಾಲ್ಯ ಕಳೆದವರಿಗೆ ಅಜ್ಜಿಯ ನೆನಪಿನೊಡನೆ ತಂಬುಳಿಯ ನೆನಪೂ ಬರಲೇಬೇಕು. ತಣ್ಣನೆಯ ಹುಳಿಯೇ ತಂಬುಳಿ. ಕುದಿಸುವ ಗೊಡವೆಯಿಲ್ಲ. ಹಿತ್ತಲಿನ ನಾಲ್ಕು ಎಲೆಯನ್ನು ಜೀರಿಗೆ, ಕಾಳುಮೆಣಸಿನೊಂದಿಗೆ ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿ ಸೇರಿಸಿ ರುಬ್ಬಿ, ಮಜ್ಜಿಗೆಗೆ ಬೆರೆಸಿದರೆ ಮುಗಿಯಿತು. ಬಿಸಿ ಅನ್ನಕ್ಕೆ ಅದನ್ನು ಕಲಸಿಕೊಂಡು ಊಟ ಶುರು.

ಆದರೆ ಯಾವ ದಿನ ಯಾವ ತಂಬುಳಿ ಎಂಬುದನ್ನು ನಮ್ಮ ಅಜ್ಜಿ ನಿರ್ಧರಿಸುತ್ತಿದ್ದುದು ನಮ್ಮ ಮುಖ ನೋಡಿ. ಮೂಗು ಸೊರಗುಟ್ಟಿದರೆ ದೊಡ್ಡಪತ್ರೆ. ಹಲಸಿನ ಹಣ್ಣು ತಿಂದು ಹೊಟ್ಟೆ ಕೆಟ್ಟಿದ್ದರೆ ದಾಳಿಂಬೆ ಸಿಪ್ಪೆ. ಬಾಯಿಹುಣ್ಣಾದರೆ ಬಸಳೆ. ಪರೀಕ್ಷೆ ಹತ್ತಿರವಾಯಿತೆಂದರೆ ತೋಟದ ತೇವದ ಅಂಚಿನಿಂದ ಒಂದೆಲಗ ಬರುತ್ತಿತ್ತು. 'ತಿನ್ನು, ಓದಿದ್ದು ತಲೆಯಲ್ಲಿ ನಿಲ್ಲುತ್ತೆ' ಎನ್ನುತ್ತಿದ್ದರು.

ಒಂದೆಲಗ ತಿಂದು ಗಣಿತ ಬಂದವರನ್ನು ನಾನಂತೂ ಕಂಡಿಲ್ಲ. ಆದರೆ ನಾಳೆ ನಮಗೆ ಪರೀಕ್ಷೆ ಎಂಬುದನ್ನು ನೆನಪಿಟ್ಟುಕೊಂಡು ಒಬ್ಬರು ಬೆಳಿಗ್ಗೆಯೇ ತೋಟಕ್ಕೆ ಹೋಗಿ ಬಂದಿದ್ದಾರೆ ಎಂಬುದು ಗೊತ್ತಾಗುತ್ತಿತ್ತಲ್ಲ, ಆ ಧೈರ್ಯ ದೊಡ್ಡದು. ಅಜ್ಜಿಯ ಮೊದಲ ಪ್ರಶ್ನೆ ಯಾವಾಗಲೂ 'ಉಂಡ್ಯಾ?' ಎಂಬುದೇ. ಅಂಕ ಎಷ್ಟು ಎಂಬುದು ಊಟವಾದ ಮೇಲಿನ ಮಾತು. ಹಾಸ್ಟೆಲಿನಲ್ಲಿರುವ ಮಕ್ಕಳಿಗೆ ಫೋನ್ ಮಾಡುವ ತಂದೆತಾಯಿಗಳು ಈ ಕ್ರಮವನ್ನು ಪಾಲಿಸಿದರೆ ನಷ್ಟವೇನೂ ಇಲ್ಲ.

ಅಜ್ಜಿಯ ಅಡುಗೆಗೆ ಪುಸ್ತಕವಿರಲಿಲ್ಲ. ಚಿಟಿಕೆ, ಹಿಡಿ, ಬೊಗಸೆ, ಇವೇ ಅಳತೆ. 'ಉಪ್ಪು ಎಷ್ಟು?' ಎಂದರೆ 'ಬೇಕಾದಷ್ಟು' ಎಂಬ ಉತ್ತರ. ಮಳೆ ಬಿದ್ದು ಗಿಡಗಳು ಚಿಗುರಿದಾಗ ಅವರು ಹಲವು ಕುಡಿಗಳನ್ನು ಸೇರಿಸಿ ಕುಡಿ ತಂಬುಳಿ ಮಾಡುತ್ತಿದ್ದರು. ಪೇರಳೆ, ದಾಳಿಂಬೆ, ಕೇಪಳ, ಇಷ್ಟು ಮನೆಯವರಿಗೆಲ್ಲ ಗೊತ್ತು. ಇನ್ನೂ ಎರಡು ಕುಡಿಗಳು ಬೀಳುತ್ತಿದ್ದವು. ಅವು ಯಾವುವು ಎಂಬುದು ಅಜ್ಜಿಯ ಜೊತೆಗೇ ಹೋಯಿತು. ಅಮ್ಮ ಈಗಲೂ ಕುಡಿ ತಂಬುಳಿ ಮಾಡುತ್ತಾರೆ. ಚೆನ್ನಾಗಿಯೇ ಇರುತ್ತದೆ. ಊಟಕ್ಕೆ ಕುಳಿತವರು ಮಾತ್ರ ಮೊದಲ ತುತ್ತಿಗೆ ಒಂದು ಕ್ಷಣ ಸುಮ್ಮನಾಗುತ್ತಾರೆ.

ವಿದ್ಯಾರ್ಥಿಗಳೇ, ನಿಮ್ಮ ಅಜ್ಜಿ ಇದ್ದರೆ ಈ ರಜೆಯಲ್ಲಿ ಒಂದು ನೋಟ್ ಪುಸ್ತಕ ಹಿಡಿದು ಅವರ ಅಡುಗೆಮನೆಯಲ್ಲಿ ಕುಳಿತುಕೊಳ್ಳಿ. ನಿಮ್ಮ ಮನೆಯದು ತಂಬುಳಿಯೇ ಆಗಬೇಕೆಂದಿಲ್ಲ. ಬಸ್ಸಾರೋ, ಎಣ್ಣೆಗಾಯಿಯೋ, ಪತ್ರೊಡೆಯೋ ಇರಬಹುದು. ಅವರ ಹಿಡಿಯಲ್ಲಿದ್ದುದನ್ನು ಚಮಚಕ್ಕೆ ಸುರಿದು ಅಳೆದು ಬರೆದುಕೊಳ್ಳಿ. ಸೊಪ್ಪಿನ ಅಡುಗೆಯಾದರೆ ಹಿತ್ತಲಿಗೆ ಜೊತೆಯಲ್ಲೇ ಹೋಗಿ ಗಿಡವನ್ನು ಗುರುತಿಸಿಕೊಳ್ಳಿ. ಗೊತ್ತಿಲ್ಲದ ಎಲೆಯನ್ನು ಅಂದಾಜಿನ ಮೇಲೆ ಕೀಳುವುದು ಅಪಾಯ. ಕಾಯಿಲೆ ಜೋರಾದರೆ ಡಾಕ್ಟರ ಬಳಿಗೇ ಹೋಗಬೇಕು. ತಂಬುಳಿ ಔಷಧವಲ್ಲ, ಊಟ.

'ಬೇಕಾದಷ್ಟು ಎಂದರೆ ಎಷ್ಟಜ್ಜಿ?' ಎಂದು ಬಿಡದೆ ಕೇಳಿ. ಅವರು ನಗುತ್ತಾರೆ. ಆಮೇಲೆ ಹೇಳುತ್ತಾರೆ.