ಬೀಜದೆಣ್ಣೆಯಲ್ಲಿ ಹಾರಿದ ವಿಮಾನ

ಇಂದಿರಾನಗರ, ಹಲಸೂರಿನ ಮಕ್ಕಳಿಗೆ ಎಚ್.ಎ.ಎಲ್. ಕಡೆಯಿಂದ ಬರುವ ವಿಮಾನಗಳ ಸದ್ದು ಹೊಸದೇನಲ್ಲ. ಆದರೆ ಗಿಡದ ಬೀಜದಿಂದ ಮಾಡಿದ ಇಂಧನದಲ್ಲೂ ವಿಮಾನ ಹಾರಿದೆ, ಗೊತ್ತೇ?

2018ರ ಡಿಸೆಂಬರ್ 17ರಂದು ಚಂಡೀಗಢದಲ್ಲಿ ವಾಯುಪಡೆಯ ಎಎನ್-32 ವಿಮಾನ ಹಾಗೆ ಹಾರಿತು. ಅದನ್ನು ಹಾರಿಸಿದವರು ನಮ್ಮ ಬೆಂಗಳೂರಿನ 'ಆಸ್ಟೆ' ಎಂಬ ವಾಯುಪಡೆ ಪರೀಕ್ಷಾ ಸಂಸ್ಥೆಯ ಪೈಲಟ್‌ಗಳು. ಮರುತಿಂಗಳು ಆ ಇಂಧನಕ್ಕೆ ಒಪ್ಪಿಗೆ ಕೊಟ್ಟ 'ಸೆಮಿಲ್ಯಾಕ್' ಸಂಸ್ಥೆ ಇರುವುದು ಮಾರತಹಳ್ಳಿಯಲ್ಲಿ. ಎಣ್ಣೆ ಕಾಡುಹರಳಿನದು, ಅಂದರೆ ಜಟ್ರೋಫಾದ್ದು. ಅದನ್ನು ಇಂಧನವಾಗಿಸಿದ್ದು ಡೆಹ್ರಾಡೂನ್‌ನ ಭಾರತೀಯ ಪೆಟ್ರೋಲಿಯಂ ಸಂಸ್ಥೆ.

ಎಣ್ಣೆಯನ್ನು ಹಾಗೇ ಟ್ಯಾಂಕಿಗೆ ಸುರಿಯಬಹುದಿತ್ತಲ್ಲ ಅಂತೀರಾ? ಡಿಸೆಂಬರ್ ಬೆಳಿಗ್ಗೆ ಕೊಬ್ಬರಿ ಎಣ್ಣೆಯ ಶೀಸೆ ನೋಡಿ. ಅಜ್ಜಿ ಬಿಸಿಲಿಗಿಡದೆ ಒಂದು ಹನಿಯೂ ಇಳಿಯದು. ವಿಮಾನದ ಇಂಧನವಾದರೋ ಸೊನ್ನೆಗಿಂತ 47 ಡಿಗ್ರಿ ಕೆಳಗಿನ ಚಳಿಯವರೆಗೂ ಹೆಪ್ಪುಗಟ್ಟಬಾರದು.

ಎಣ್ಣೆಯ ಅಣುಗಳು ಪೊರಕೆ ಕಡ್ಡಿಯಂತೆ ಉದ್ದ. ತುದಿಯಲ್ಲಿ ಆಮ್ಲಜನಕ ಅಂಟಿಕೊಂಡಿರುತ್ತದೆ. ಮೊದಲು ಜಲಜನಕ ಕೊಟ್ಟು ಆ ಆಮ್ಲಜನಕವನ್ನು ಬಿಡಿಸಬೇಕು. ಅದರಲ್ಲಿ ಬಹುಪಾಲು ನೀರಾಗಿ ಹೋಗುತ್ತದೆ. ಆಮೇಲೆ ಕಡ್ಡಿಗಳನ್ನು ತುಂಡರಿಸಿ ಕವಲೊಡೆಸಬೇಕು. ನೇರ ಕಡ್ಡಿಗಳು ಒತ್ತಾಗಿ ಕಂತೆಯಾಗುತ್ತವೆ. ಕವಲು ಕೊಂಬೆಗಳು ಹಾಗೆ ಜೋಡಿಕೊಳ್ಳವು. ಅದಕ್ಕೇ ಬೇಗ ಹೆಪ್ಪುಗಟ್ಟವು.

ಇದಕ್ಕೆಲ್ಲ ಶಾಖ, ಒತ್ತಡದ ಜೊತೆಗೆ ಲೋಹದ ನೆರವೂ ಬೇಕು. ನಿಕ್ಕೆಲ್, ಮಾಲಿಬ್ಡಿನಮ್, ಕೆಲವೆಡೆ ಪ್ಲಾಟಿನಮ್. ಇವೇ ವೇಗವರ್ಧಕಗಳು. ನಾನು ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕೂತವನು. ದಿನವಿಡೀ ಲಕ್ಷಗಟ್ಟಲೆ ರೂಪಾಯಿ ಕೈದಾಟುತ್ತಿತ್ತು. ಸಂಜೆ ನನ್ನ ಜೇಬು ಬೆಳಿಗ್ಗೆ ಇದ್ದಷ್ಟೇ. ಆದರೂ ಕೌಂಟರಿನಲ್ಲಿ ಯಾರೂ ಇಲ್ಲದಿದ್ದರೆ ಕ್ಯೂ ಸರಿಯುತ್ತಿರಲಿಲ್ಲ. ಲೋಹವೂ ಹಾಗೇ: ಕೆಲಸ ಬೇಗ ಮುಗಿಸುತ್ತದೆ, ತಾನು ಖರ್ಚಾಗುವುದಿಲ್ಲ. ನೋಟೆಣಿಸಿದ ಬೆರಳಿಗೆ ಕೊಳೆ ಹತ್ತುವಂತೆ ಅದರ ಮೇಲೂ ಮಸಿ ಕೂರುತ್ತದೆ. ಸುಟ್ಟು ತೆಗೆದರೆ ಎಷ್ಟೋ ಸಲ ಮತ್ತೆ ದುಡಿಯುತ್ತದೆ.

2020ರ ಜನವರಿ 31ರಂದು ಎಎನ್-32 ಇದೇ ಬಗೆಯ ಇಂಧನದಲ್ಲಿ ಲೇಹ್‌ನ ಎತ್ತರದ ನಿಲ್ದಾಣಕ್ಕೂ ಹೋಗಿ ಬಂತು. ಆದರೆ ಲೆಕ್ಕ ಲೆಕ್ಕವೇ. ಬೀಜದ ಇಂಧನ ಬೆರೆಸಿದ್ದು ನೂರಕ್ಕೆ ಹತ್ತು ಪಾಲು. ಉಳಿದ ತೊಂಬತ್ತು ನೆಲದಿಂದ ತೆಗೆದದ್ದು. ಹತ್ತು ರೂಪಾಯಿ ಸ್ವಂತದ್ದು, ತೊಂಬತ್ತು ಸಾಲ. ಆ ಸಾಲ ತೀರಿಸಬೇಕಾದವರು ನೀವು, ಮಕ್ಕಳೇ. ಹಾಗೆಂದು ಊಟದ ಎಣ್ಣೆಯನ್ನೆಲ್ಲ ವಿಮಾನಕ್ಕೆ ಸುರಿದರೆ ಒಗ್ಗರಣೆಗೇನು ಗತಿ?

ಇಲ್ಲಿ ಅಜ್ಜಿ-ತಾತಂದಿರಿಗೊಂದು ಮಾತು. ಬೋಂಡ ಕರಿದು ಕಪ್ಪಾದ ಎಣ್ಣೆಯೂ ಇಂಥ ಇಂಧನವಾಗಬಲ್ಲದು. ಅದನ್ನೇ ಮತ್ತೆ ಮತ್ತೆ ಕಾಯಿಸಿ ತಿಂದರೆ ಹೃದಯಕ್ಕೆ ಕೇಡು. ಹಾಳಾದ ಅಂಶ ಶೇ. 25 ದಾಟಿದ ಎಣ್ಣೆ ಬಳಸಕೂಡದೆಂದು 2018ರ ಜುಲೈ 1ರಿಂದ ಕಾನೂನೇ ಇದೆ. ಸಿಂಕಿಗೆ ಸುರಿದರೆ ಮೋರಿ ಕಟ್ಟುತ್ತದೆ. ಆದ್ದರಿಂದ ಅಳೆದು ಹಾಕಿ, ಕಡಿಮೆ ಉಳಿಸಿ. ಉಳಿದದ್ದನ್ನು ಡಬ್ಬಿಯಲ್ಲಿ ತುಂಬಿಡಿ; ಸಂಗ್ರಹಿಸುವವರು ಸಿಕ್ಕರೆ ಕೊಡಿ.

ಮಕ್ಕಳೇ, ಈ ವಾರ ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆಯನ್ನು ಒಂದೊಂದು ಚಮಚ ಬೇರೆ ಬೇರೆ ಬಟ್ಟಲಿಗೆ ಹಾಕಿ ರಾತ್ರಿ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ನೋಡಿದರೆ ಯಾರ ಕಡ್ಡಿ ನೇರ, ಯಾರದು ಡೊಂಕು ಎಂದು ನೀವೇ ಹೇಳುವಿರಿ.