ಮರಿ ಸತ್ತರೆ ಮೊದಲು ಬಲ್ಬು ನೋಡಿ

ತಂದ ಐವತ್ತು ಕೋಳಿಮರಿಗಳಲ್ಲಿ ಮೂರನೇ ದಿನ ನಾಲ್ಕು ಸತ್ತರೆ ನಾವು ಮಾಡುವುದೇನು? ಗೂಡಿನೊಳಗೆ ಸರಿಯಾಗಿ ಇಣುಕುವ ಮೊದಲೇ ಔಷಧಿ ಅಂಗಡಿಗೆ ಹೊರಡುತ್ತೇವೆ. ‘ಮರಿ ತೂಕಡಿಸ್ತಾ ಇದೆ, ಹಿಕ್ಕೆ ಬೆಳ್ಳಗಿದೆ’ ಅಂದರೆ ಸಾಕು, ಒಂದು ಆಂಟಿಬಯಾಟಿಕ್ ಪುಡಿ ಕೈಗೆ ಬರುತ್ತದೆ. ನಾನೂ ಹಾಗೆ ಓಡಿದವನೇ. ಪುಡಿ ಕದಡಿದ ನೀರು ಕುಡಿದೂ ಮರುದಿನ ಆರು ಸತ್ತವು. ಕೊನೆಗೆ ಗೊತ್ತಾಯಿತು – ಹಳೇ ಬಲ್ಬು ಹೋದಾಗ ಮಗ ಅದರ ಜಾಗಕ್ಕೆ ಎಲ್‌ಇಡಿ ಹಾಕಿದ್ದ. ಬೆಳಕು ಚೆನ್ನಾಗಿಯೇ ಇತ್ತು, ಬಿಸಿ ಇರಲಿಲ್ಲ!

ಹಾಗಾಗಿ ನನ್ನ ಅಭಿಪ್ರಾಯ ಇಷ್ಟೆ. ಮೊದಲ ವಾರ ಮರಿ ಸತ್ತರೆ ಮದ್ದಿಗಿಂತ ಮೊದಲು ನಮ್ಮ ಸಾಕಣೆಯನ್ನು ಪರೀಕ್ಷಿಸಬೇಕು.

ತೊಂದರೆ ಏನೆಂದು ಮರಿಗಳೇ ಹೇಳುತ್ತವೆ. ಬಲ್ಬಿನಡಿ ಒಂದರ ಮೇಲೊಂದು ಬಿದ್ದು ಕೂಗುತ್ತಿದ್ದರೆ ಚಳಿ. ದೂರ ಸರಿದು ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಸೆಕೆ. ಒಂದೇ ಮೂಲೆಗೆ ಸೇರಿದ್ದರೆ ಇನ್ನೊಂದು ಕಡೆಯಿಂದ ಗಾಳಿ ಹೊಡೆಯುತ್ತಿರಬಹುದು. ಮೊದಲ ವಾರ ಮರಿಯ ಬೆನ್ನಿನ ಮಟ್ಟದಲ್ಲಿ 95 ಡಿಗ್ರಿ ಫ್ಯಾರನ್‌ಹೀಟ್ ಇರಲಿ. ಆಮೇಲೆ ವಾರಕ್ಕೆ 5 ಡಿಗ್ರಿಯಂತೆ ಇಳಿಸಿ. ಮರಿಗೆ 2 ವಾಟ್ ಲೆಕ್ಕ, ಹಳೇ ನಮೂನೆಯ ತಂತಿ ಬಲ್ಬೇ ಬೇಕು. ಎರಡು ಬಲ್ಬು ಹಾಕಿದರೆ ಒಂದು ಹೋದರೂ ಇನ್ನೊಂದು ಇರುತ್ತದೆ. ಕರೆಂಟ್ ಹೋದಾಗ ಹೊದಿಸಲು ಗೋಣಿ ಹತ್ತಿರವಿರಲಿ, ಗಾಳಿಯಾಡಲು ಸ್ವಲ್ಪ ಜಾಗ ಬಿಡಿ.

ಹಿಂಭಾಗಕ್ಕೆ ಹಿಕ್ಕೆ ಮೆತ್ತಿಕೊಂಡಿದ್ದರೆ ಎಳೆಯಬೇಡಿ. ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಮೆಲ್ಲಗೆ ಬಿಡಿಸಿ, ಒರೆಸಿ ಬಿಸಿಗೆ ಬಿಡಿ. ಹಾಗೆಯೇ ಕುಕ್ಕರುಗಾಲಲ್ಲಿ ಕೂತು ಮರಿಯ ಎತ್ತರಕ್ಕೆ ಮೂಗು ಒಯ್ಯಿರಿ. ಘಾಟು ಬಡಿದು ಕಣ್ಣು ಉರಿದರೆ ನೆಲಕ್ಕೆ ಹಾಸಿದ ಉಮಿ ಬದಲಿಸುವ ಹೊತ್ತಾಯಿತು.

ಮದ್ದೇ ಬೇಡ ಅನ್ನುತ್ತಿಲ್ಲ. ಕೊಕ್ಕರೆ ರೋಗಕ್ಕೆ ಮೊದಲ ವಾರದಲ್ಲೇ ಲಸಿಕೆ ಹಾಕಿಸಬೇಕು, ಬಂದ ಮೇಲೆ ಅದಕ್ಕೆ ಮದ್ದಿಲ್ಲ. ಮೂರು ವಾರದ ಆಸುಪಾಸಿನ ಮರಿ ರಕ್ತ ಬೆರೆತ ಹಿಕ್ಕೆ ಹಾಕಿದರೆ ಕಾಕ್ಸಿಡಿಯೋಸಿಸ್ ಇರಬಹುದು, ತಡ ಮಾಡುವಂತಿಲ್ಲ. ಬಿಸಿ, ನೀರು, ಹಾಸು ಎಲ್ಲ ಸರಿಯಿದ್ದೂ ಸಾವು ನಿಲ್ಲದಿದ್ದರೆ ಆಗಷ್ಟೇ ಸತ್ತ ಒಂದೆರಡು ಮರಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಐಸ್ ಇಟ್ಟು ಪಶುವೈದ್ಯರಲ್ಲಿಗೆ ಒಯ್ಯಿರಿ. ಕೊಯ್ದು ನೋಡಿ ಅವರು ಹೇಳಿದ ಮದ್ದು, ಹೇಳಿದಷ್ಟು ದಿನ ಕೊಡಿ.

ಅಂದಾಜಿಗೆ ಹಾಕುವ ಪುಡಿಯಿಂದ ದುಡ್ಡು ಮಾತ್ರ ಹೋಗುವುದಲ್ಲ, ರೋಗಾಣುಗಳು ಆ ಮದ್ದಿಗೆ ಪಳಗುತ್ತವೆ. ಆಮೇಲೆ ಅದೇ ಮದ್ದು ನಮಗೆ, ನಮ್ಮ ಮಕ್ಕಳಿಗೆ ಬೇಕಾದಾಗ ನಾಟುವುದಿಲ್ಲ. ಮನುಷ್ಯರಿಗೆ ಕೊನೆಯ ಆಸರೆಯಂತಿರುವ ಕೊಲಿಸ್ಟಿನ್ ಮದ್ದನ್ನು ಕೋಳಿಗೆ, ಇತರ ಆಹಾರದ ಪ್ರಾಣಿಗಳಿಗೆ ಬಳಸಬಾರದೆಂದು ಕೇಂದ್ರ ಸರಕಾರ 2019ರಲ್ಲಿ ನಿಷೇಧ ಹಾಕಿದ್ದು ಇದಕ್ಕೇ.

ಮರಿ ಮಾರುವವರಿಗೂ ಒಂದು ಮಾತು. ಪೆಟ್ಟಿಗೆಯ ಜೊತೆ ಪುಡಿಯ ಪೊಟ್ಟಣ ಕೊಡುವ ಬದಲು ಒಂದು ಥರ್ಮಾಮೀಟರ್ ಕೊಡಿ. ಮುಂದಿನ ಸಲ ತರುವ ಮರಿಗಳಿಗೂ ಅದೇ ಆಗುತ್ತದೆ.